ಒಂದೇ ಕೃತಿ, ಎರಡು ಧ್ವನಿಮುದ್ರಿಕೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹೀಗೆ ತೊಡಗಿ

ಬೀಥೋವನ್‌ನ ಐದನೇ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ಕೃತಿ) ಮೊದಲ ನಾಲ್ಕು ಸ್ವರಗಳನ್ನು ಕೇಳದವರು ಕಡಿಮೆ. ಮೂರು ಗಿಡ್ಡ, ಒಂದು ಉದ್ದ. ಅದರ ಬೆನ್ನಿಗೆ ಬರುವ ಅರ್ಧ ಗಂಟೆಯ ಸಂಗೀತವನ್ನು ಪೂರ್ತಿ ಕೇಳಿದವರೂ ಕಡಿಮೆಯೇ. ನಾನೂ ಎಷ್ಟೋ ವರ್ಷ ಹಾಗೇ ಇದ್ದೆ. ಜನಪ್ರಿಯ ಕೃತಿಗಳ ಸಂಕಲನ ಹಾಕಿಕೊಂಡು, ಒಂದೊಂದರಿಂದ ಎರಡು ಮೂರು ನಿಮಿಷ ಕೇಳಿ, ಎಲ್ಲವೂ ಚೆನ್ನಾಗಿದೆ ಅನ್ನಿಸಿ, ಮರುದಿನ ಒಂದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆಮೇಲೊಂದು ದಿನ ಒಂದೇ ಕೃತಿಯನ್ನು ಇಬ್ಬರು ನುಡಿಸಿದ್ದನ್ನು ಒಂದರ ಹಿಂದೆ ಒಂದು ಕೇಳಿದೆ. ಕಿವಿ ತೆರೆದದ್ದು ಆವತ್ತು. ಮೊದಲನೆಯವರು ಓಡಿದ ಕಡೆ ಎರಡನೆಯವರು ನಿಂತಿದ್ದರು. ಯಾಕೆ ನಿಂತರು ಎಂದು ಮನಸ್ಸು ಕೇಳಿತು. ಆ ಪ್ರಶ್ನೆ ಹುಟ್ಟಿದ ಮೇಲೆ ಸಂಗೀತ ಹಿನ್ನೆಲೆಯ ಸದ್ದಾಗಿ ಉಳಿಯಲಿಲ್ಲ.

ಹೊಸಬರಿಗೆ ನಾನು ಹೇಳುವ ದಾರಿಯೂ ಅದೇ. ನೂರು ಕೃತಿಗಳ ಪಟ್ಟಿ ಬೇಡ. ನಾಲ್ಕೈದು ಕೃತಿ ಸಾಕು, ಆದರೆ ಪ್ರತಿಯೊಂದಕ್ಕೂ ಕನಿಷ್ಠ ಎರಡು ಧ್ವನಿಮುದ್ರಿಕೆ ಬೇಕು. ವಿವಾಲ್ಡಿ, ಬಾಖ್, ಬೀಥೋವನ್ ಇವರೆಲ್ಲ ಬಿಟ್ಟುಹೋಗಿರುವುದು ಕಾಗದದ ಮೇಲಿನ ಬರಹವನ್ನು ಮಾತ್ರ. ಯಾವ ಸ್ವರಕ್ಕೆ ಎಷ್ಟು ಭಾರ, ಮೌನ ಎಷ್ಟು ಉದ್ದ, ನಡೆ ಎಷ್ಟು ಚುರುಕು ಎಂಬುದನ್ನು ನುಡಿಸುವವರು ತೀರ್ಮಾನಿಸಬೇಕು. ಹಾಗಾಗಿ ಕೃತಿಯ ಹೆಸರಿನಷ್ಟೇ ಕಲಾವಿದರ ಹೆಸರೂ ಧ್ವನಿಮುದ್ರಣದ ವರ್ಷವೂ ಮುಖ್ಯ.

1. ಮೊದಲು ಹೆಸರು ಓದುವುದನ್ನು ಕಲಿಯಿರಿ

ಹುಡುಕಾಟದಲ್ಲೇ ಅರ್ಧ ಜನ ಸೋಲುತ್ತಾರೆ. ‘ಬೀಥೋವನ್ ಸಿಂಫನಿ’ ಎಂದು ಹುಡುಕಿದರೆ ಸಾವಿರ ಫಲಿತಾಂಶ ಬರುತ್ತವೆ, ಅದರಲ್ಲಿ ಅರ್ಧ ತುಂಡುಗಳು. ಹೆಸರನ್ನು ಹೀಗೆ ಬಿಡಿಸಿಕೊಳ್ಳಿ: ಸಂಯೋಜಕ, ಕೃತಿಯ ಪ್ರಕಾರ, ಅದರ ಸಂಖ್ಯೆ, ಶ್ರುತಿ, ಕೊನೆಗೆ ಪಟ್ಟಿಯ ಸಂಖ್ಯೆ. ಬೀಥೋವನ್‌ನ ಐದನೆಯದು ಸಿ ಮೈನರ್, ಓಪಸ್ (ಅಂದರೆ ಕೃತಿಸಂಖ್ಯೆ) 67. ಮೊಜಾರ್ಟ್‌ನ ಕೃತಿಗಳಿಗೆ ಕ್ಯೋಖೆಲ್ ಎಂಬಾತ ಪಟ್ಟಿ ಮಾಡಿದ್ದರಿಂದ ‘ಕೆ’ ಅಕ್ಷರ ಬರುತ್ತದೆ. 40ನೇ ಸಿಂಫನಿ ಕೆ 550. ಬಾಖ್‌ನ ಕೃತಿಗಳಿಗೆ ಬಿಡಬ್ಲ್ಯೂವಿ ಸಂಖ್ಯೆ, ಅದು ಬಾಖ್ ಕೃತಿಪಟ್ಟಿಯ ಜರ್ಮನ್ ಹೆಸರಿನ ಹ್ರಸ್ವರೂಪ. ಈ ಸಂಖ್ಯೆ ಬಳಸಿ ಹುಡುಕಿದರೆ ತಪ್ಪು ಕೃತಿ ಸಿಗುವ ಸಂಭವ ಬಹಳ ಕಡಿಮೆ. ಅದರ ಪಕ್ಕ ಕಲಾವಿದರ ಹೆಸರು ಸೇರಿಸಿ. ವರ್ಷದ ವಿಷಯದಲ್ಲಿ ಮಾತ್ರ ಎಚ್ಚರ: ಆ್ಯಪ್‌ಗಳು ತೋರಿಸುವ ವರ್ಷ ಎಷ್ಟೋ ಸಲ ಮರುಬಿಡುಗಡೆಯದು, ನುಡಿಸಿದ್ದು ಅದಕ್ಕೆ ನಲವತ್ತು ವರ್ಷ ಮೊದಲು ಇರಬಹುದು.

ಒಂದು ಕೃತಿಯೊಳಗೆ ಮೂರು ನಾಲ್ಕು ಭಾಗಗಳಿರುತ್ತವೆ, ಅವನ್ನು ಮೂವ್‌ಮೆಂಟ್ ಅನ್ನುತ್ತಾರೆ. ಆ್ಯಪ್‌ನಲ್ಲಿ ಪ್ರತಿ ಭಾಗವೂ ಬೇರೆ ಹಾಡಿನ ಹಾಗೆ ಕಾಣುತ್ತದೆ. ಷಫಲ್ ಆಫ್ ಮಾಡಿ. ಎರಡು ಹಾಡುಗಳ ನಡುವೆ ಬಿಡುವು ಕೊಡುವ ಅಥವಾ ಒಂದನ್ನು ಇನ್ನೊಂದರೊಳಗೆ ಕರಗಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ. ಕಾರಣ ಐದನೇ ಸಿಂಫನಿಗೆ ಬಂದಾಗ ಹೇಳುತ್ತೇನೆ.

2. ವಾಲ್ಯೂಮ್ ಹೊಂದಿಸಿ, ಮತ್ತೆ ಮುಟ್ಟಬೇಡಿ

ಈ ಸಂಗೀತದಲ್ಲಿ ಪಿಸುಮಾತು, ಗುಡುಗು ಎರಡೂ ಒಂದೇ ಭಾಗದಲ್ಲಿ ಬರುತ್ತವೆ. ಮೆಲ್ಲಗಿರುವಾಗ ಕೇಳಿಸುವುದಿಲ್ಲವೆಂದು ವಾಲ್ಯೂಮ್ ಏರಿಸಿದರೆ ಮುಂದಿನ ನಿಮಿಷ ಬೆಚ್ಚಿಬೀಳುತ್ತೀರಿ. ಅಭ್ಯಾಸಕ್ಕೆ ರಾವೆಲ್ 1928ರಲ್ಲಿ ಬರೆದ ಬೊಲೆರೊ ಒಳ್ಳೆಯದು. ಸುಮಾರು ಕಾಲು ಗಂಟೆ, ಸಣ್ಣ ಡ್ರಮ್ಮಿನ ಮೇಲೆ ಒಂದೇ ತಾಳ ಶುರುವಿನಿಂದ ಕೊನೆಯವರೆಗೆ, ಸದ್ದು ಮಾತ್ರ ನಿಧಾನವಾಗಿ ಏರುತ್ತಾ ಹೋಗುತ್ತದೆ. ಮೊದಲು ಕೊನೆಯ ನಿಮಿಷ ಹಾಕಿ, ಜೋರಾಗಿದ್ದರೂ ಕಿವಿಗೆ ನೋವಾಗದ ಮಟ್ಟಕ್ಕೆ ತನ್ನಿ. ಆಮೇಲೆ ಮೊದಲಿನಿಂದ ಕೇಳಿ. ಆರಂಭದ ಕೊಳಲು ತೀರಾ ದೂರದಿಂದ ಬಂದಂತಿರುತ್ತದೆ. ಅದು ಹಾಗೇ ಇರಬೇಕು. ಅದಕ್ಕಾಗಿ ಕೋಣೆ ಸದ್ದಿಲ್ಲದಿರಲಿ. ವಾಹನದಲ್ಲಿ ಕೂತು ಕೇಳಿದರೆ ಅರ್ಧ ಕೃತಿ ಎಂಜಿನ್ನಿನ ಪಾಲಾಗುತ್ತದೆ.

3. ಒಬ್ಬನೇ ಕಲಾವಿದ, ಒಂದೇ ವಾದ್ಯ: ಗೋಲ್ಡ್‌ಬರ್ಗ್ ವೇರಿಯೇಷನ್ಸ್

ಮೊದಲ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರೋಣ. 1741ರಲ್ಲಿ ಅಚ್ಚಾದ ಈ ಕೃತಿಯನ್ನು (ಬಿಡಬ್ಲ್ಯೂವಿ 988) ಬಾಖ್ ಬರೆದದ್ದು ಎರಡು ಸಾಲು ಕೀಲಿಮಣೆಗಳಿರುವ ಹಾರ್ಪ್ಸಿಕಾರ್ಡಿಗೆ, ಅದು ಪಿಯಾನೊಗಿಂತ ಹಳೆಯ ವಾದ್ಯ. ಆರಂಭದಲ್ಲಿ ಶಾಂತವಾದ ಒಂದು ಆರಿಯಾ, ಅಂದರೆ ಹಾಡಿನಂಥ ಧಾಟಿ. ಅದರ ಮಂದ್ರ ಸ್ವರಗಳ ನಡಿಗೆಯನ್ನು ಆಧಾರವಾಗಿಟ್ಟುಕೊಂಡು ಮೂವತ್ತು ವೇರಿಯೇಷನ್ (ರೂಪಾಂತರ). ಕೊನೆಗೆ ಅದೇ ಆರಿಯಾ, ಒಂದು ಸ್ವರವೂ ಬದಲಾಗದೆ.

ಕೆನಡಾದ ಗ್ಲೆನ್ ಗೂಲ್ಡ್ ಇದನ್ನು ಸ್ಟುಡಿಯೊದಲ್ಲಿ ಎರಡು ಸಲ ಪಿಯಾನೊ ಮೇಲೆ ಧ್ವನಿಮುದ್ರಿಸಿದ. 1955ರ ಜೂನ್‌ನಲ್ಲಿ, ನ್ಯೂಯಾರ್ಕಿನಲ್ಲಿ, ಅವನಿಗೆ 22 ವರ್ಷ. ಆ ಮುದ್ರಿಕೆ ಅವನನ್ನು ಜಗತ್ತಿಗೆ ಪರಿಚಯಿಸಿತು. 1981ರಲ್ಲಿ ಅದೇ ಸ್ಟುಡಿಯೊದಲ್ಲಿ ಮತ್ತೆ. ಅದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1982ರ ಅಕ್ಟೋಬರ್ 4ರಂದು, ಗೂಲ್ಡ್ ತೀರಿಕೊಂಡ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51.

ಇಡೀ ಕೃತಿಯನ್ನು ಎರಡು ಸಲ ಕೇಳುವ ಮೊದಲು ಹೀಗೆ ಮಾಡಿ. 1955ರ ಆರಿಯಾ ಮಾತ್ರ ಹಾಕಿ. ಎರಡು ನಿಮಿಷದೊಳಗೆ ಮುಗಿಯುತ್ತದೆ. ಕೂಡಲೇ 1981ರ ಆರಿಯಾ ಹಾಕಿ. ಮೂರು ನಿಮಿಷ ದಾಟುತ್ತದೆ. ಸ್ವರಗಳು ಅವೇ. ಮೊದಲನೆಯದರಲ್ಲಿ ರಾಗ ತೇಲಿಹೋಗುತ್ತದೆ. ಎರಡನೆಯದರಲ್ಲಿ ಒಂದೊಂದು ಸ್ವರವನ್ನೂ ಇಟ್ಟು, ಅದು ಆರುವುದನ್ನು ಕೇಳಿಸಿಕೊಂಡು, ಮುಂದಿನದನ್ನು ಇಡುತ್ತಾನೆ. ಆಮೇಲೆ ಮೊದಲ ವೇರಿಯೇಷನ್ ಎರಡರಲ್ಲೂ ಕೇಳಿ, ನಂತರ 25ನೆಯದು. ಮೈನರ್ ಶ್ರುತಿಯ ಈ 25ನೇ ವೇರಿಯೇಷನ್ ಇಡೀ ಕೃತಿಯ ದುಃಖವನ್ನೆಲ್ಲ ಹೊತ್ತುಕೊಂಡಿದೆ. ನನ್ನನ್ನು ತುಂಬಾ ದಿನ ಕಾಡಿದ ಸಂಗತಿಯೊಂದು ಇಲ್ಲಿದೆ: ಒಟ್ಟಾರೆ ನಿಧಾನವಾಗಿರುವುದು 1981ರದ್ದಾದರೂ, ಈ ಒಂದು ವೇರಿಯೇಷನ್ನಿನಲ್ಲಿ ಹೆಚ್ಚು ಹೊತ್ತು ತಂಗಿದ್ದು 22ರ ಹುಡುಗನೇ. ವಯಸ್ಸಾದವರು ನಿಧಾನ, ಹರೆಯದವರು ವೇಗ ಎಂದು ಸುಲಭವಾಗಿ ವಿವರಿಸಿ ಮುಗಿಸಲು ಇದು ಬಿಡುವುದಿಲ್ಲ.

ಹೆಡ್‌ಫೋನಿನಲ್ಲಿ ಕೇಳುವಾಗ ಹಿಂದೆ ಯಾರೋ ಗುನುಗುತ್ತಿರುವ ಹಾಗೆ ಅನ್ನಿಸಿದರೆ ನಿಮ್ಮ ಯಂತ್ರದ ದೋಷವೆಂದುಕೊಳ್ಳಬೇಡಿ. ಅದು ಗೂಲ್ಡನ ದನಿ. ನುಡಿಸುವಾಗ ಹಾಡಿಕೊಳ್ಳುವುದನ್ನು ಅವನು ಬಿಡಲಿಲ್ಲ.

ಈ ಹಂತಕ್ಕೆ ಒಂದು ವಾರ ಕೊಡಿ. ಒಂದು ಪುಸ್ತಕದಲ್ಲಿ ಎರಡೇ ಸಾಲು ಬರೆದಿಡಿ: ಎಲ್ಲಿ ಭಿನ್ನ ಅನ್ನಿಸಿತು, ಯಾವುದು ಹಿಡಿಸಿತು. ಪಾರಿಭಾಷಿಕ ಪದ ಬೇಡ, ‘ಇಲ್ಲಿ ಅವಸರ’, ‘ಇಲ್ಲಿ ಉಸಿರು ಬಿಟ್ಟ ಹಾಗಿತ್ತು’ ಎಂದರೆ ಸಾಕು.

4. ಕಥೆ ಇರುವ ಸಂಗೀತ: ವಿವಾಲ್ಡಿಯ ನಾಲ್ಕು ಋತುಗಳು

1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ನಾಲ್ಕು ವಯಲಿನ್ ಕನ್ಸರ್ಟೊಗಳು, ಅಂದರೆ ಒಂಟಿ ವಯಲಿನ್ ಮುಂದೆ ನಿಂತು ವಾದ್ಯವೃಂದ ಜತೆಗೂಡುವ ಕೃತಿಗಳು. ಪ್ರತಿಯೊಂದರ ಜತೆ ಒಂದು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ಇದೆ, ಅದರ ಸಾಲುಗಳನ್ನು ಸ್ವರಗಳ ನಡುವೆಯೇ ಗುರುತಿಸಲಾಗಿದೆ. ಆದ್ದರಿಂದ ಇಲ್ಲಿ ಕಿವಿಗೆ ಹುಡುಕುವ ಕೆಲಸ ಕೊಡಬಹುದು. ವಸಂತದ ಎರಡನೇ ಭಾಗದಲ್ಲಿ ಮೇಕೆ ಕಾಯುವವನು ಮಲಗಿದ್ದಾನೆ, ಅದು ಒಂಟಿ ವಯಲಿನ್. ಎಲೆಗಳ ಮರ್ಮರ ಉಳಿದ ವಯಲಿನ್‌ಗಳದು. ಅವನ ನಾಯಿ ಬೊಗಳುವುದು ವಯಲಿನ್ನಿಗಿಂತ ತುಸು ದೊಡ್ಡದಾದ ವಯೋಲಾದಲ್ಲಿ, ಎರಡೆರಡು ಸ್ವರವಾಗಿ, ಬಿಡದೆ. ಚಳಿಗಾಲದ ಮೊದಲ ಭಾಗದಲ್ಲಿ ನಡುಕ, ಎರಡನೆಯದರಲ್ಲಿ ಬೆಂಕಿಯ ಬಳಿ ಬೆಚ್ಚಗೆ ಕೂತು ಹೊರಗಿನ ಮಳೆ ಕೇಳುವ ಸುಖ.

ಧ್ವನಿಮುದ್ರಿಕೆಗಳಲ್ಲಿ ಮೊದಲು ಇ ಮೂಸಿಚಿ ಎಂಬ ಇಟಲಿಯ ತಂಡದ್ದು, 1959ರದು. ಒಂಟಿ ವಯಲಿನ್ ಫೆಲಿಕ್ಸ್ ಆಯೊ. ದುಂಡಗಿನ, ಬೆಳಕು ತುಂಬಿದ ನಾದ, ಎಲ್ಲೂ ಒರಟಿಲ್ಲ. ಅದರ ಎದುರು ಇಲ್ ಜರ್ದೀನೊ ಆರ್ಮೊನಿಕೊ ತಂಡ 1990ರ ದಶಕದಲ್ಲಿ ಮಾಡಿದ್ದನ್ನು ಇಡಿ. ಇವರದು ವಿವಾಲ್ಡಿ ಕಾಲದ ಬಗೆಯ ವಾದ್ಯಗಳು, ಕರುಳಿನ ತಂತಿಗಳು. ನಡುಕ ಎಂದರೆ ನಿಜಕ್ಕೂ ಹಲ್ಲು ಕಟಕಟಿಸುತ್ತದೆ, ನಾಯಿ ನಿಜಕ್ಕೂ ಬೊಗಳುತ್ತದೆ. ಮೂರನೆಯದು ಬೇಕಿದ್ದರೆ ನೈಜೆಲ್ ಕೆನಡಿ 1989ರಲ್ಲಿ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾ ಜತೆ ಮಾಡಿದ್ದು. ಶಾಸ್ತ್ರೀಯ ಸಂಗೀತದ ಕಡೆ ತಲೆ ಹಾಕದಿದ್ದವರೂ ಕೊಂಡು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋದ ಮುದ್ರಿಕೆ. ಬೇಸಿಗೆಯ ಕೊನೆಯ ಭಾಗದ ಬಿರುಗಾಳಿಯೊಂದನ್ನೇ ಮೂರರಲ್ಲೂ ಕೇಳಿದರೂ ಸಾಕು.

5. ಈಗ ಸಿಂಫನಿ: ಬೀಥೋವನ್‌ನ ಐದನೆಯದು

ಮೊದಲ ಪ್ರದರ್ಶನ 1808ರ ಡಿಸೆಂಬರ್ 22, ವಿಯೆನ್ನಾ. ಕೊರೆಯುವ ಚಳಿಯ ಸಭಾಂಗಣ, ಸಾಕಷ್ಟಿಲ್ಲದ ಅಭ್ಯಾಸ, ನಾಲ್ಕು ಗಂಟೆಯ ಕಾರ್ಯಕ್ರಮ. ಆರನೇ ಸಿಂಫನಿ, ನಾಲ್ಕನೇ ಪಿಯಾನೊ ಕನ್ಸರ್ಟೊ ಕೂಡ ಅದೇ ಸಂಜೆ. ಇನ್ನೊಂದು ಕೃತಿಯನ್ನಂತೂ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು.

ಇದನ್ನು ಕೇಳುವಾಗ ಮೂರು ಕಡೆ ಕಿವಿ ಇಡಿ. ಒಂದು, ಆ ನಾಲ್ಕು ಸ್ವರಗಳ ಕೊನೆಯ ಉದ್ದ ಸ್ವರ. ಎಷ್ಟು ಹೊತ್ತು ಹಿಡಿಯಬೇಕೆಂಬುದು ವಾದ್ಯವೃಂದದ ನಿರ್ದೇಶಕನಿಗೆ ಬಿಟ್ಟದ್ದು. ಎರಡು, ಮೊದಲ ಭಾಗದ ಮಧ್ಯ ದಾಟಿದ ಮೇಲೆ ಇಡೀ ವಾದ್ಯವೃಂದ ಥಟ್ಟನೆ ಸುಮ್ಮನಾಗಿ ಓಬೊ (ಶಹನಾಯಿಯ ಬಗೆಯ ಊದುವಾದ್ಯ) ಒಂದೇ ಒಂದು ಗಳಿಗೆ ಒಬ್ಬಂಟಿಯಾಗಿ ಹಾಡುವ ಜಾಗ. ಅಷ್ಟು ದೊಡ್ಡ ಗದ್ದಲದ ನಡುವೆ ಆ ಕ್ಷೀಣ ದನಿ ಯಾಕೆ ಬಂತೆಂದು ಇಂದಿಗೂ ಯೋಚಿಸುತ್ತೇನೆ. ಮೂರು, ಮೂರನೇ ಭಾಗದ ತುದಿ. ತಂತಿವಾದ್ಯಗಳು ಸ್ವರ ಹಿಡಿದು ನಿಂತಿರುವಾಗ ಟಿಂಪಾನಿ ಎಂಬ ದೊಡ್ಡ ನಗಾರಿ ಮೆಲ್ಲಗೆ ಬಡಿಯುತ್ತಿರುತ್ತದೆ, ಎದೆಬಡಿತದ ಹಾಗೆ. ಅಲ್ಲಿಂದ ಬಿಡುವೇ ಇಲ್ಲದೆ ಸಿ ಮೇಜರ್‌ನ ನಾಲ್ಕನೇ ಭಾಗ ಒಡೆದು ಬರುತ್ತದೆ. ಟ್ರೊಂಬೋನ್‌ಗಳು ಈ ಸಿಂಫನಿಯಲ್ಲಿ ಬಾಯಿ ತೆರೆಯುವುದೇ ಇಲ್ಲಿ. ನಿಮ್ಮ ಆ್ಯಪ್ ಈ ಎರಡು ಭಾಗಗಳ ನಡುವೆ ಅರ್ಧ ಸೆಕೆಂಡು ಮೌನ ತುರುಕಿದರೂ ಬೀಥೋವನ್ ಕಟ್ಟಿದ ಸೇತುವೆ ಮುರಿಯುತ್ತದೆ. ಆ ಸೆಟ್ಟಿಂಗ್ ತೆಗೆಯಿರಿ ಎಂದದ್ದು ಇದಕ್ಕೇ.

ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜತೆ 1974ರಲ್ಲಿ ಮಾಡಿದ ಮುದ್ರಿಕೆಯಿಂದ ಶುರು ಮಾಡಿ. ಬಾಗಿಸಿದ ಬಿಲ್ಲಿನ ಬಿಗಿ ಅದರಲ್ಲಿದೆ. ಒಂದು ಸಾಲೂ ಸಡಿಲಗೊಳ್ಳುವುದಿಲ್ಲ, ಹಾಗೆಂದು ಗಡಿಬಿಡಿಯೂ ಇಲ್ಲ. ಕ್ಲೈಬರ್ ಬಹಳ ಕಡಿಮೆ ಕೃತಿಗಳನ್ನು ಧ್ವನಿಮುದ್ರಿಸಿದವನು, ಹಾಗಾಗಿ ಮಾಡಿದ್ದೆಲ್ಲ ಅಮೂಲ್ಯ. (ಅವನ ತಂದೆ ಎರಿಕ್ ಕ್ಲೈಬರ್ 1953ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಖೆಬೌ ವಾದ್ಯವೃಂದದ ಜತೆ ಇದೇ ಸಿಂಫನಿಯನ್ನು ಮುದ್ರಿಸಿದ್ದ. ತಂದೆ ಮಗನನ್ನು ಅಕ್ಕಪಕ್ಕ ಇಟ್ಟು ಕೇಳುವ ಸುಖವೇ ಬೇರೆ.) ಆಮೇಲೆ ಆಟೊ ಕ್ಲೆಂಪರರ್ 1950ರ ದಶಕದಲ್ಲಿ ಫಿಲ್ಹಾರ್ಮೋನಿಯಾ ಜತೆ ಮಾಡಿದ್ದು ಹಾಕಿ. ಬಂಡೆಯ ಮೇಲೆ ಬಂಡೆ ಇಟ್ಟು ಕಟ್ಟಿದ ಗೋಡೆಯಂತೆ, ನಿಧಾನ, ಭಾರ. ಮೂರನೆಯದಾಗಿ ಜಾನ್ ಎಲಿಯಟ್ ಗಾರ್ಡಿನರ್ 1990ರ ದಶಕದ ಆರಂಭದಲ್ಲಿ ಹಳೆಯ ಬಗೆಯ ವಾದ್ಯಗಳಿಂದ ಮಾಡಿದ್ದು. ಅದರ ವೇಗ ಕೇಳಿ ಇದೇನು ಓಟ ಎನ್ನಿಸಬಹುದು. ಆದರೆ ಬೀಥೋವನ್ ತಾನೇ 1817ರಲ್ಲಿ ತನ್ನ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ (ನಡೆಯ ವೇಗ ತೋರಿಸುವ ಯಂತ್ರ) ಗುರುತು ಪ್ರಕಟಿಸಿದ್ದ, ಐದನೆಯದರ ಮೊದಲ ಭಾಗಕ್ಕೆ ಕೊಟ್ಟದ್ದು ನಿಮಿಷಕ್ಕೆ 108 ಹಾಫ್ ನೋಟ್. ಅದು ನಿಜಕ್ಕೂ ಓಟವೇ. ಆ ಸಂಖ್ಯೆಯನ್ನು ಪಾಲಿಸಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಕ್ಲೈಬರ್ ಪ್ರಿಯ, ಆದರೆ ಕ್ಲೆಂಪರರ್ ಕೇಳಿದ ಮೇಲೆಯೇ ಕ್ಲೈಬರ್ ಏನು ಮಾಡುತ್ತಿದ್ದಾನೆಂದು ತಿಳಿದದ್ದು.

ಮೊದಲ ದಿನವೇ ನಾಲ್ಕೂ ಭಾಗ ಬೇಡ. ದಿನಕ್ಕೊಂದು ಭಾಗ, ಐದನೇ ದಿನ ಒಟ್ಟಿಗೆ.

6. ಕನ್ಸರ್ಟೊ: ಒಬ್ಬರ ದನಿ, ನೂರು ಜನರ ಉತ್ತರ

ಎಲ್ಗಾರ್‌ನ ಚೆಲ್ಲೊ ಕನ್ಸರ್ಟೊ 1919ರ ಅಕ್ಟೋಬರ್ 27ರಂದು ಲಂಡನ್ನಿನಲ್ಲಿ ಮೊದಲ ಸಲ ನುಡಿದಾಗ ಸೋತಿತ್ತು. ಅಭ್ಯಾಸದ ಹೊತ್ತನ್ನು ಕಾರ್ಯಕ್ರಮದ ಉಳಿದ ಕೃತಿಗಳು ನುಂಗಿದ್ದವು. ಅಂದು ವಾದ್ಯವೃಂದದ ಚೆಲ್ಲೊ ಸಾಲಿನಲ್ಲಿ ಕೂತಿದ್ದ ಒಬ್ಬ ಯುವಕ ಜಾನ್ ಬಾರ್ಬಿರೋಲಿ. ನಲವತ್ತಾರು ವರ್ಷಗಳ ನಂತರ, 1965ರ ಆಗಸ್ಟ್‌ನಲ್ಲಿ, ಅದೇ ಬಾರ್ಬಿರೋಲಿ ಅದೇ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮುಂದೆ ನಿರ್ದೇಶಕನಾಗಿ ನಿಂತ. ಚೆಲ್ಲೊ ಹಿಡಿದದ್ದು 20 ವರ್ಷದ ಜಾಕ್ಲೀನ್ ದು ಪ್ರೇ. ಆರಂಭದ ನಾಲ್ಕು ಸ್ವರಗುಚ್ಛಗಳಲ್ಲಿ ಬಿಲ್ಲು ತಂತಿಯನ್ನು ಕಚ್ಚುವ ಬಗೆಯನ್ನು ಕೇಳಿ. ಇಷ್ಟು ಚಿಕ್ಕ ವಯಸ್ಸಿನವಳು ಯುದ್ಧ ಕಂಡ ಮುದುಕನೊಬ್ಬನ ಅಳಲನ್ನು ಹೇಗೆ ಹೊತ್ತಳೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿಂದ 1973ರ ಹೊತ್ತಿಗೆ ಅವಳ ವಾದನ ನಿಂತಿತು, 1987ರಲ್ಲಿ ತೀರಿಕೊಂಡಳು. ಆ ಕಥೆ ಗೊತ್ತಿದ್ದರೆ ಪ್ರತಿ ಸ್ವರದಲ್ಲೂ ಅದನ್ನೇ ಕೇಳುವ ಅಪಾಯವಿದೆ. ಆದ್ದರಿಂದ ಜೋಡಿಯಾಗಿ ಬಿಯಾಟ್ರಿಸ್ ಹ್ಯಾರಿಸನ್ 1928ರಲ್ಲಿ ನುಡಿಸಿದ್ದನ್ನು ಕೇಳಿ. ಅಲ್ಲಿ ನಿರ್ದೇಶಕ ಸ್ವತಃ ಎಲ್ಗಾರ್. ನಡೆ ಚುರುಕು, ಕಣ್ಣೀರು ಕಡಿಮೆ, ಸಂಯಮ ಹೆಚ್ಚು.

ರಾಕ್ಮನಿನಾಫ್‌ನ ಎರಡನೇ ಪಿಯಾನೊ ಕನ್ಸರ್ಟೊದಲ್ಲೂ ಇದೇ ಪಾಠ ಸಿಗುತ್ತದೆ. 1897ರಲ್ಲಿ ಮೊದಲ ಸಿಂಫನಿ ನೆಲಕಚ್ಚಿ, ಬರೆಯಲಾಗದೆ ಕುಗ್ಗಿದ್ದವನಿಗೆ ಚಿಕಿತ್ಸೆ ಕೊಟ್ಟ ವೈದ್ಯ ನಿಕೊಲಾಯ್ ದಾಲ್. ಅವನಿಗೇ ಈ ಕೃತಿ ಅರ್ಪಣೆ. ಆರಂಭದಲ್ಲಿ ಪಿಯಾನೊ ಒಂದೇ, ದೂರದ ಘಂಟೆಗಳಂತೆ ಏರುವ ಸ್ವರಗುಚ್ಛಗಳು. ಸ್ವ್ಯಾತಸ್ಲಾವ್ ರಿಕ್ಟರ್ 1959ರಲ್ಲಿ ವಾರ್ಸಾ ಫಿಲ್ಹಾರ್ಮೋನಿಕ್ ಜತೆ ನುಡಿಸಿದಾಗ ಆ ಘಂಟೆಗಳ ನಡುವೆ ಕಾಲವೇ ನಿಂತಂತಿದೆ. ಸಂಯೋಜಕ ತಾನೇ ನುಡಿಸಿದ್ದೂ ನಮಗೆ ಉಳಿದಿದೆ: 1929, ಫಿಲಡೆಲ್ಫಿಯಾ, ನಿರ್ದೇಶಕ ಸ್ಟೊಕೊವ್‌ಸ್ಕಿ. ರಾಕ್ಮನಿನಾಫ್ ಅಷ್ಟೊಂದು ನಿಲ್ಲುವುದಿಲ್ಲ. ಹಾಗಾದರೆ ರಿಕ್ಟರ್ ತಪ್ಪೇ? ಎರಡನ್ನೂ ಕೇಳಿದ ಮೇಲೆ ನಾನು ಒಂದನ್ನೂ ಬಿಟ್ಟುಕೊಡಲಾರೆ.

7. ಹಳೆಯ ಧ್ವನಿಮುದ್ರಣಕ್ಕೆ ಕಿವಿ ಪಳಗಿಸುವುದು

1929, 1928 ಎಂದಾಗಲೇ ಕೆಲವರು ಹಿಂಜರಿಯುತ್ತಾರೆ. ಹಿನ್ನೆಲೆ ತಿಳಿದಿದ್ದರೆ ಸಹನೆ ಬರುತ್ತದೆ. 1925ರ ಸುಮಾರಿಗೆ ಮೈಕ್ರೊಫೋನ್ ಬರುವ ಮೊದಲು ಕಲಾವಿದರು ದೊಡ್ಡ ಕೊಂಬಿನ ಮುಂದೆ ಒತ್ತೊತ್ತಾಗಿ ಕೂತು ನುಡಿಸಬೇಕಿತ್ತು. ಆರ್ಥರ್ ನಿಕಿಷ್ ಬರ್ಲಿನ್ ಫಿಲ್ಹಾರ್ಮೋನಿಕ್ ಜತೆ 1913ರಲ್ಲಿ ಐದನೇ ಸಿಂಫನಿಯನ್ನು ಪೂರ್ತಿ ಹಿಡಿದಿಟ್ಟದ್ದು ಹಾಗೆ. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ, ಆಮೇಲೆ ನಿಲ್ಲಿಸಿ ಹೊಸ ತಟ್ಟೆ. ಉದ್ದನೆಯ ಎಲ್‌ಪಿ ಬಂದದ್ದು 1948ರಲ್ಲಿ, ಸ್ಟೀರಿಯೊ ತಟ್ಟೆಗಳು 1958ರಲ್ಲಿ, ಸಿ.ಡಿ. 1982ರಲ್ಲಿ. ಈ ನಾಲ್ಕೈದು ವರ್ಷ ನೆನಪಿದ್ದರೆ ಮುದ್ರಿಕೆಯ ಇಸವಿ ನೋಡಿದ ಕೂಡಲೇ ನಾದ ಹೇಗಿರಬಹುದೆಂದು ಊಹಿಸಬಹುದು.

ಅಭ್ಯಾಸಕ್ಕೆ ಪಾಬ್ಲೊ ಕಸಾಲ್ಸ್ 1936ರಿಂದ 1939ರವರೆಗೆ ಮುದ್ರಿಸಿದ ಬಾಖ್‌ನ ಚೆಲ್ಲೊ ಸ್ವೀಟ್‌ಗಳು ತಕ್ಕವು. ಸ್ವೀಟ್ ಎಂದರೆ ನೃತ್ಯದ ಧಾಟಿಗಳ ಸರಣಿ. ಒಂದೇ ವಾದ್ಯವಾದ್ದರಿಂದ ಹಳೆಯ ತಂತ್ರಜ್ಞಾನದಲ್ಲಿ ಕಳೆದುಹೋಗುವುದು ಕಡಿಮೆ. 13ನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಹಳೆಯ ಸಂಗೀತ ಪುಸ್ತಕಗಳ ಅಂಗಡಿಯಲ್ಲಿ ಈ ಆರು ಸ್ವೀಟ್‌ಗಳ ಪ್ರತಿ ಕಸಾಲ್ಸ್ ಕೈಗೆ ಬಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಾಧನೆ ಮಾಡಿದ ಮೇಲೆಯೇ ಸಭೆಯಲ್ಲಿ ನುಡಿಸಿದ. ಮೊದಲ ಸ್ವೀಟಿನ ಪ್ರಿಲ್ಯೂಡ್ (ಆರಂಭದ ಭಾಗ) ಹಾಕಿ, ಐದು ನಿಮಿಷ ಚರಚರ ಸದ್ದನ್ನು ತಡೆದುಕೊಳ್ಳಿ. ಕಿವಿ ತಾನಾಗಿ ಅದನ್ನು ಆಚೆ ಸರಿಸುತ್ತದೆ. ಒಂದೇ ಮುದ್ರಿಕೆಯ ಹಲವು ರೀಮಾಸ್ಟರ್ (ನಾದ ತಿದ್ದಿದ ಹೊಸ ಪ್ರತಿ) ಸಿಕ್ಕರೆ ಸ್ವಲ್ಪ ಸದ್ದು ಉಳಿಸಿಕೊಂಡದ್ದನ್ನು ಆರಿಸಿ. ಸದ್ದನ್ನೆಲ್ಲ ತೊಳೆದವುಗಳಲ್ಲಿ ಚೆಲ್ಲೊದ ಉಸಿರೂ ತೊಳೆದುಹೋಗಿರುತ್ತದೆ. ಹೋಲಿಕೆಗೆ ಯೊ-ಯೊ ಮಾ 1983ರದ್ದು, ಅಥವಾ ಆನರ್ ಬಿಲ್ಸ್ಮಾ 1979ರಲ್ಲಿ ಬರೋಕ್ ಚೆಲ್ಲೊದಲ್ಲಿ, ಅಂದರೆ ಬಾಖ್ ಕಾಲದ ಬಗೆಯ ಚೆಲ್ಲೊದಲ್ಲಿ, ನುಡಿಸಿದ್ದು. ಬಾಖ್‌ನ ಸ್ವಂತ ಕೈಬರಹದ ಪ್ರತಿ ಉಳಿದಿಲ್ಲ, ಹೆಂಡತಿ ಆನಾ ಮಗ್ದಲೇನಾ ನಕಲು ಮಾಡಿದ್ದು ಉಳಿದಿದೆ. ಹಾಗಾಗಿ ಬಿಲ್ಲು ಎಲ್ಲಿ ತಿರುಗಬೇಕೆಂಬುದನ್ನು ಪ್ರತಿಯೊಬ್ಬ ಚೆಲ್ಲೊ ವಾದಕನೂ ತಾನೇ ಕಂಡುಕೊಳ್ಳಬೇಕು.

8. ಮುಂದೆ ಎತ್ತ

ಇಲ್ಲಿಂದ ಮನಸ್ಸು ಎಳೆದ ಕಡೆ ಹೋಗಿ. ರಾಗದ ಮಾಧುರ್ಯ ಬೇಕೆನ್ನುವವರಿಗೆ ದ್ವೋರ್ಜಾಕ್‌ನ ಒಂಬತ್ತನೇ ಸಿಂಫನಿ, ‘ಹೊಸ ಜಗತ್ತಿನಿಂದ’. ಎರಡನೇ ಭಾಗದಲ್ಲಿ ಕೋರ್ ಆಂಗ್ಲೇ (ಓಬೊಗಿಂತ ತಗ್ಗಿನ ದನಿಯ ಊದುವಾದ್ಯ) ಹಾಡುವ ಧಾಟಿ ಒಮ್ಮೆ ಕೇಳಿದರೆ ಬಿಡದು. ಕೊನೆಯ ಭಾಗದಲ್ಲಿ ತಾಳದ ತಟ್ಟೆ ಒಂದೇ ಒಂದು ಸಲ, ಅದೂ ಮೆಲ್ಲಗೆ ಬಡಿಯುತ್ತದೆ, ಹಿಡಿಯಬಲ್ಲಿರಾ ನೋಡಿ. ಕಾರೆಲ್ ಆಂಚೆರ್ಲ್ ಚೆಕ್ ಫಿಲ್ಹಾರ್ಮೋನಿಕ್ ಜತೆ, ಇಸ್ತ್ವಾನ್ ಕರ್ಟೆಸ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜತೆ, ಇಬ್ಬರೂ 1961ರಲ್ಲಿ ಮುದ್ರಿಸಿದ್ದಾರೆ. ಲಯದ ಆರ್ಭಟ ಬೇಕಿದ್ದರೆ ಸ್ಟ್ರಾವಿನ್‌ಸ್ಕಿಯ ‘ವಸಂತದ ಆರಾಧನೆ’, 1913ರಲ್ಲಿ ಪ್ಯಾರಿಸ್ಸಿನ ಸಭಿಕರನ್ನು ರೊಚ್ಚಿಗೆಬ್ಬಿಸಿದ್ದು. ಮುದ್ರಿಕೆಗಳು: ಬರ್ನ್‌ಸ್ಟೈನ್ 1958, ಸಂಯೋಜಕನೇ ನಿರ್ದೇಶಿಸಿದ್ದು 1960. ಮನುಷ್ಯ ಕಂಠ ಬೇಕೆನ್ನಿಸಿದರೆ ಅಲ್ಲೇಗ್ರಿಯ ಮಿಸೆರೇರೆ, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಗಾಯನವೃಂದ, 1963, ಮೇಲೆ ಮೇಲೆ ಏರುವ ಹುಡುಗನ ದನಿ ರಾಯ್ ಗುಡ್‌ಮನ್‌ದು. ವಾಗ್ನರ್‌ನ ರಿಂಗ್ ಎಂಬ ನಾಲ್ಕು ಒಪೆರಾಗಳ ಸರಣಿ, 1958ರಿಂದ 1965ರವರೆಗೆ ಸೋಲ್ಟಿ ವಿಯೆನ್ನಾದಲ್ಲಿ ಮುದ್ರಿಸಿದ ಆ ಮಹಾಯಾನವನ್ನು, ಒಂದು ವರ್ಷ ದಾಟಿದ ಮೇಲೆ ಇಟ್ಟುಕೊಳ್ಳಿ.

ಆರು ತಿಂಗಳಾದ ಮೇಲೆ ಗೋಲ್ಡ್‌ಬರ್ಗ್‌ಗೆ ಮರಳಿ ಬನ್ನಿ. ಈ ಸಲ ಗೂಲ್ಡ್ ಬೇಡ, ವಾಂಡಾ ಲಾಂಡೋವ್‌ಸ್ಕಾ 1933ರಲ್ಲಿ ಹಾರ್ಪ್ಸಿಕಾರ್ಡಿನಲ್ಲಿ ಮುದ್ರಿಸಿದ್ದನ್ನು ಹಾಕಿ, ಕೊನೆಯ ಆರಿಯಾದವರೆಗೂ ಏಳದೆ ಕೇಳಿ. ಆಮೇಲೆ ಪುಸ್ತಕ ತೆರೆದು, ಮೊದಲ ವಾರ ಬರೆದ ಆ ಎರಡು ಸಾಲುಗಳ ಕೆಳಗೆ ಮೂರನೆಯದನ್ನು ಬರೆಯಿರಿ.